ಹೂಡಿದ ಮೇಲೆ ತಿಳಿಯುವ ಬಲ

(ಬಾನುಲಿ ಭಾಷಣ)



ಸಂಜೆಯ ಈ ಹೊತ್ತಿನಲ್ಲಿ ಕಾವ್ಯದ ಮಾತನ್ನೋ ಸಂಗೀತವನ್ನೋ ಬಯಸಿ ರೇಡಿಯೋ ಹಚ್ಚಿದವರ ಮುಂದೆ ಸೀಸ, ಗಂಧಕಾಮ್ಲಗಳ ಪ್ರಸ್ತಾಪ ಮಾಡಲು ನನಗೆ ಸಂಕೋಚವಾಗುತ್ತದೆ. ಆದರೂ ಮಾಡುತ್ತೇನೆ. ಏಕೆಂದರೆ ತಮ್ಮಲ್ಲಿ ಅನೇಕರ ಮನೆಯ ಮೆಟ್ಟಿಲ ಕೆಳಗೆ ಅಥವಾ ಹಿತ್ತಲಿನ ಮೂಲೆಯಲ್ಲಿ ಇಂಥ ಸೀಸದ ಪೆಟ್ಟಿಗೆಯೊಂದು ಕುಳಿತೇ ಇದೆ. ಕರೆಂಟು ಹೋದಾಗ ದೀಪ ಉಳಿದರೆ ನಾವು ಅದನ್ನು ನೆನೆಯುವುದಿಲ್ಲ. ದೀಪ ಆರಿದಾಗ ಮಾತ್ರ ಶಪಿಸುತ್ತೇವೆ. ಬ್ಯಾಟರಿ ಎಂಬ ಈ ಮೂಕ ಸೇವಕನ ಬಲವನ್ನು ಅರಿಯುವ ಬಗೆ ಯಾವುದು, ಅದಕ್ಕೆ ಉಣಿಸುವ ಬಗೆ ಯಾವುದು ಎಂಬುದನ್ನು, ನಾನು ಮಾಡಿದ ಒಂದು ತಪ್ಪಿನ ಸಮೇತ, ತಮ್ಮೆದುರು ಇಡಬೇಕೆಂದಿದ್ದೇನೆ.

ನಾನು ಈ ವಿದ್ಯೆ ಕಲಿತದ್ದು ರಾಯಚೂರಿನಲ್ಲಿ, ವಿದ್ಯುತ್ ಉಪಕೇಂದ್ರವೊಂದರ ಬ್ಯಾಟರಿ ಕೋಣೆಯಲ್ಲಿ. ರಾಯಚೂರೆಂದರೆ ನಾಡಿಗೆ ಬೆಳಕು ಕೊಡುವ ಊರು. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕ ಹೊತ್ತಿಕೊಂಡಿತು. ಮುಂದೆ ಎಂಟು ಘಟಕಗಳಾಗಿ 1,720 ಮೆಗಾವ್ಯಾಟ್ ಸಾಮರ್ಥ್ಯಕ್ಕೆ ಬೆಳೆಯಿತು. ಇಂಥ ಊರಿನಲ್ಲಿ ಬ್ಯಾಟರಿಗೇನು ಕೆಲಸ ಎಂದು ತಾವು ಕೇಳಬಹುದು. ಕೆಲಸವಿದೆ. ಲಕ್ಷಗಟ್ಟಲೆ ವೋಲ್ಟಿನ ಹಾದಿಯಲ್ಲಿ ಏನಾದರೂ ಅನಾಹುತವಾದಾಗ ಆ ಹಾದಿಯನ್ನು ಕಡಿದುಹಾಕುವ ಯಂತ್ರಕ್ಕೆ ಅಪ್ಪಣೆ ಕೊಡಬೇಕಾದ ವಿದ್ಯುತ್ತು ಆ ಹಾದಿಯಿಂದಲೇ ಬರುವಂತಿಲ್ಲ. ಅದು ಬರುವುದು ಪಕ್ಕದ ಕೋಣೆಯಲ್ಲಿ ಸಾಲಾಗಿ ನಿಂತ 55 ಸೆಲ್ಲುಗಳಿಂದ. ಒಂದೊಂದು 2 ವೋಲ್ಟಿನದು, ಒಟ್ಟು 110 ವೋಲ್ಟು. ದೊಡ್ಡ ಶಕ್ತಿಯ ಕಾವಲಿಗೆ ಸಣ್ಣ ಶಕ್ತಿ ನಿಂತಿರುತ್ತದೆ.

ಆ ಕೋಣೆಯ ಹಿರಿಯರನ್ನು ನಾವೆಲ್ಲ ಉಸ್ತಾದರೆಂದು ಕರೆಯುತ್ತಿದ್ದೆವು. ಅವರು ಪ್ರತಿ ವಾರ ಒಂದು ಗೊತ್ತಾದ ಸೆಲ್ಲಿನ ಆಮ್ಲವನ್ನು ಹೈಡ್ರೋಮೀಟರಿನಲ್ಲಿ ಎಳೆದು, ಅಂಕಿಯನ್ನು ಕೆಂಪು ಬಟ್ಟೆಯ ರಟ್ಟಿನ ಖಾತೆಯೊಂದರಲ್ಲಿ ಬರೆಯುತ್ತಿದ್ದರು. ತಿಂಗಳಿಗೊಮ್ಮೆ ಎಲ್ಲ 55ರದ್ದೂ. ಚಿಕ್ಕವನಾದ ನನಗೆ ಅದು ನಿರರ್ಥಕ ಶ್ರಮವೆನಿಸುತ್ತಿತ್ತು. "ಮೀಟರು ಬರೋಬ್ಬರಿ ತೋರಿಸಲಿಕ್ಕತ್ತದಲ್ರೀ ಉಸ್ತಾದ, ಮತ್ಯಾಕ ಇಷ್ಟೆಲ್ಲ?" ಎಂದು ಒಮ್ಮೆ ಕೇಳಿದೆ. ಅವರು ಕಣ್ಣೆತ್ತದೆ ಹೇಳಿದರು: "ತಮ್ಮಾ, ನಿಂತ ಎತ್ತು ಎಲ್ಲಾ ಗಟ್ಟಿನೇ. ಹೂಡಿದ ಮ್ಯಾಲ ಗೊತ್ತಾಗ್ತದ." ಮಾತು ಚೆನ್ನಾಗಿದೆ ಎಂದುಕೊಂಡೆನೇ ಹೊರತು ಅದರ ಅರ್ಥ ನನಗಾಗಲು ಮೂವತ್ತು ವರ್ಷ ಬೇಕಾಯಿತು.

ಮುಂದೆ ಹೋಗುವ ಮೊದಲು ಈ ಪೆಟ್ಟಿಗೆಯ ಪರಿಚಯವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ ಸೀಸದ ಎರಡು ಹಾಳೆಗಳನ್ನು ಸುರುಳಿ ಸುತ್ತಿ, ನೀರು ಬೆರೆಸಿದ ಗಂಧಕಾಮ್ಲದಲ್ಲಿ ಅದ್ದಿ, ವಿದ್ಯುತ್ತನ್ನು ಇಟ್ಟು ಮತ್ತೆ ತೆಗೆಯಬಹುದೆಂದು ತೋರಿಸಿದ. 1881ರಲ್ಲಿ ಕಮೀಯ್ ಫೋರ್ ಎಂಬಾತ ಸೀಸದ ಪ್ಲೇಟುಗಳಿಗೆ ಸೀಸದ ಆಕ್ಸೈಡಿನ ಹಿಟ್ಟು ಮೆತ್ತುವ ಉಪಾಯ ಕಂಡುಹಿಡಿದ. ಅಂದಿನಿಂದ ಇಂದಿನವರೆಗೆ ಇದರ ಒಳಗುಟ್ಟು ಬದಲಾಗಿಲ್ಲ. ಬ್ಯಾಟರಿ ದುಡಿಯುವಾಗ ಆಮ್ಲದೊಳಗಿನ ಗಂಧಕದ ಅಂಶ ಪ್ಲೇಟಿಗೆ ಹತ್ತಿಕೊಳ್ಳುತ್ತದೆ, ದ್ರವ ನೀರುನೀರಾಗುತ್ತದೆ. ಚಾರ್ಜು ಮಾಡುವಾಗ ಆ ಅಂಶ ಪ್ಲೇಟು ಬಿಟ್ಟು ದ್ರವಕ್ಕೆ ಮರಳುತ್ತದೆ, ದ್ರವ ಭಾರವಾಗುತ್ತದೆ. ಆದಕಾರಣವೇ ದ್ರವದ ಭಾರವನ್ನು ಅಳೆದರೆ ಬ್ಯಾಟರಿಯ ಹೊಟ್ಟೆ ಎಷ್ಟು ತುಂಬಿದೆಯೆಂದು ತಿಳಿಯುತ್ತದೆ. ನಾವು ಗ್ರ್ಯಾವಿಟಿ ಎನ್ನುವುದು ಇದನ್ನೇ.

ಬ್ಯಾಟರಿಗಳಲ್ಲಿ ಎರಡು ಜಾತಿ. ಮೋಟಾರು ಗಾಡಿಯದು ಒಂದೇ ಗುಟುಕಿನಲ್ಲಿ ನೂರಾರು ಆಂಪಿಯರ್ ಕೊಟ್ಟು ಸುಮ್ಮನಾಗುತ್ತದೆ. ಅದರ ಪ್ಲೇಟುಗಳು ತೆಳು. ರಾತ್ರಿಯಿಡೀ ದೀಪ, ಫ್ಯಾನುಗಳನ್ನು ಹೊರಬೇಕಾದದ್ದು ಇನ್ನೊಂದು. ದಿನದಿನವೂ ಆಳಕ್ಕೆ ಇಳಿದು ದಿನದಿನವೂ ಮೇಲೇರಬೇಕು. ಇದರ ಪ್ಲೇಟುಗಳು ದಪ್ಪ. ನಮ್ಮ ಕಡೆ ಟ್ಯೂಬುಲರ್ ಎಂದು ಮಾರುವುದು ಈ ಜಾತಿಯದು. ಇಂಥ ನಾಲ್ಕನ್ನು ಒಂದರ ಹಿಂದೊಂದು ಜೋಡಿಸಿದರೆ 48 ವೋಲ್ಟಿನ ಬ್ಯಾಂಕು. ಹಣದ ಬ್ಯಾಂಕಿಗೂ ಇದಕ್ಕೂ ಇರುವ ಹೋಲಿಕೆ ಇಷ್ಟೆ: ಇಟ್ಟದ್ದಕ್ಕಿಂತ ಹೆಚ್ಚು ತೆಗೆಯಲಾಗದು. ವ್ಯತ್ಯಾಸವೂ ಇದೆ: ಇಲ್ಲಿ ನೂರು ತೆಗೆದರೆ ನೂರಹತ್ತರಿಂದ ನೂರಿಪ್ಪತ್ತರ ತನಕ ತುಂಬಬೇಕು.

ಈಗ ನನ್ನ ತಪ್ಪಿನ ಕಥೆ. ನಿವೃತ್ತನಾದ ಮೇಲೆ ಸುಮ್ಮನೆ ಕೂಡಲಾರದೆ, ಕರೆದವರ ಊರಿಗೆ ಹೋಗಿ ಬ್ಯಾಟರಿಗಳನ್ನು ನೋಡಿಕೊಡುವ ಹವ್ಯಾಸ ಹಚ್ಚಿಕೊಂಡೆ. ದೇವದುರ್ಗ ತಾಲ್ಲೂಕಿನಲ್ಲಿ, ಕೃಷ್ಣೆಯ ಕಡೆಗಿರುವ ಒಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಛಾವಣಿಯ ಮೇಲೆ ಸೌರ ಫಲಕಗಳು, ಕೆಳಗೆ 150 ಆಂಪಿಯರ್-ಅವರಿನ ನಾಲ್ಕು ಬ್ಯಾಟರಿಗಳು. ಒಂದು ದಿನ ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ ಹೋದೆ. ಟರ್ಮಿನಲ್ಲಿಗೆ ಮೀಟರು ಹಿಡಿದೆ, 54 ವೋಲ್ಟು. ನೀರು ನೋಡಿದೆ, ಕಿಲುಬು ಒರೆಸಿದೆ, "ಎಲ್ಲ ಸರಿ ಅದ" ಎಂದು ಬರೆದುಕೊಟ್ಟು, ಚಹ ಕುಡಿದು ಬಂದೆ.

ಕೆಲವೇ ವಾರಗಳಲ್ಲಿ ಮಳೆ ಹಿಡಿಯಿತು. ಒಂದು ರಾತ್ರಿ ಗಾಳಿಗೆ ತಂತಿ ಹರಿದು ಕರೆಂಟು ಹೋಯಿತು. ಹೆರಿಗೆಯ ಕೋಣೆಯಲ್ಲಿ ಒಬ್ಬ ತಾಯಿ. ಹುಟ್ಟಲಿರುವ ಕೂಸನ್ನು ಬೆಚ್ಚಗಿಡುವ ಯಂತ್ರವನ್ನು ಹಚ್ಚಿಟ್ಟಿದ್ದರು. ಬ್ಯಾಂಕಿನ ವೋಲ್ಟು 43ಕ್ಕೆ ಇಳಿದೊಡನೆ ಇನ್ವರ್ಟರು ತನ್ನನ್ನು ತಾನೇ ನಿಲ್ಲಿಸಿಕೊಂಡಿತು. ಒಂದು ತಾಸೂ ಆಗಿರಲಿಲ್ಲ. ಉಳಿದ ಹೆರಿಗೆಯನ್ನು ಆ ನರ್ಸಮ್ಮ ಆಯಾ ಹಿಡಿದ ಮೊಬೈಲಿನ ಬೆಳಕಿನಲ್ಲಿ ಮಾಡಿಸಿದರು. ಕೂಸನ್ನು ತಾಯಿಯ ಎದೆಗೆ ಅಂಟಿಸಿ ಕಂಬಳಿ ಹೊದಿಸಿದರು. ತಾಯಿ, ಕೂಸು ಇಬ್ಬರೂ ಉಳಿದರು. ಮರುದಿನ ನಾನು ಹೋದಾಗ ಆಕೆ ಜಗಳವಾಡಲಿಲ್ಲ. "ಕಾಕಾ, ನೀವು ಸರಿ ಅದ ಅಂತ ಬರದು ಕೊಟ್ಟಿದ್ರಿ" ಎಂದು ಮಾತ್ರ ಹೇಳಿ ಆ ಚೀಟಿಯನ್ನು ನನ್ನ ಕೈಗಿತ್ತರು. ಆ ಚೀಟಿ ಇಂದಿಗೂ ನನ್ನ ಹತ್ತಿರವಿದೆ.

ನಾನು ಎಲ್ಲಿ ತಪ್ಪಿದೆ? ಬಿಸಿಲಿನಲ್ಲಿ ಫಲಕಗಳು ಬ್ಯಾಟರಿಗೆ ಉಣಿಸುತ್ತಿರುವಾಗ ಅದರ ವೋಲ್ಟನ್ನು ಅಳೆದೆ. ಆಗ ಮೀಟರು ತೋರಿಸುವುದು ಬ್ಯಾಟರಿಯ ಬಲವನ್ನಲ್ಲ, ಉಣಿಸುವವನ ಬಲವನ್ನು. ಚಾರ್ಜು ನಿಲ್ಲಿಸಿದ ಮೇಲೂ ಆ ಹುಸಿ ಏರಿಕೆ ಕೆಲವು ತಾಸು ನಿಲ್ಲುತ್ತದೆ. ಎರಡೂ ಕಡೆಯ ತಂತಿ ಬಿಡಿಸಿ, ಒಂದು ರಾತ್ರಿ ಸುಮ್ಮನೆ ಬಿಟ್ಟು ಅಳೆದರೆ ಮಾತ್ರ ಅಂಕಿಗೆ ಅರ್ಥ.

ಆ ಅಂಕಿಗೂ ಒಂದು ಲೆಕ್ಕವಿದೆ. ನೀರಿನ ಭಾರವನ್ನು 1000 ಎಂದು ಹಿಡಿದರೆ, ನಮ್ಮ ಬಿಸಿಲು ನಾಡಿಗೆಂದು ಮಾಡಿದ ಟ್ಯೂಬುಲರ್ ಬ್ಯಾಟರಿಯ ಆಮ್ಲ ಪೂರ್ತಿ ತುಂಬಿದಾಗ 27 ಡಿಗ್ರಿ ಉಷ್ಣತೆಯಲ್ಲಿ 1240ರ ಆಸುಪಾಸು ಇರುತ್ತದೆ. ತಣ್ಣನೆಯ ದೇಶಗಳಲ್ಲಿ 1265, 1280 ಇಡುತ್ತಾರೆ. ಸೆಕೆಯಲ್ಲಿ ಅಷ್ಟು ತೀಕ್ಷ್ಣವಾದ ಆಮ್ಲ ಪ್ಲೇಟುಗಳನ್ನು ಬೇಗ ತಿನ್ನುತ್ತದೆ. ಗ್ರ್ಯಾವಿಟಿಯನ್ನು 1.240 ಎಂದು ಬರೆದು ಅದಕ್ಕೆ 0.84 ಕೂಡಿಸಿದರೆ ಒಂದು ಸೆಲ್ಲಿನ ವಿಶ್ರಾಂತ ವೋಲ್ಟು ಸುಮಾರಾಗಿ ಸಿಗುತ್ತದೆ: 2.08. ಆರು ಸೆಲ್ಲಿಗೆ ಸುಮಾರು 12.5. ಬೇರೆ ದೇಶದ ಪಟ್ಟಿಯಲ್ಲಿ 12.7 ಎಂದಿರುವುದನ್ನು ಓದಿ, ತುಂಬಿದ ಬ್ಯಾಟರಿಯನ್ನು ಮುಕ್ಕಾಲು ತುಂಬಿದ್ದೆಂದು ಬಗೆಯುವವರುಂಟು.

ಇನ್ನು ಸೆಕೆಯ ಲೆಕ್ಕ. ಆಮ್ಲ ಬಿಸಿಯಾದಂತೆ ಹಗುರವಾಗುತ್ತದೆ. 27ಕ್ಕಿಂತ ಮೇಲಿನ ಪ್ರತಿ 10 ಡಿಗ್ರಿಗೆ 7 ಅಂಕ ಕೂಡಿಸಿ ಓದಬೇಕು. ನಮ್ಮ ಮೇ ತಿಂಗಳ 42 ಡಿಗ್ರಿಯಲ್ಲಿ 1230 ಕಂಡರೆ ಅದು ವಾಸ್ತವದಲ್ಲಿ 1240.

ದೇವದುರ್ಗದ ಆ ಬ್ಯಾಂಕನ್ನು ಈ ಸಾರಿ ಕ್ರಮವಾಗಿ ಪರೀಕ್ಷಿಸಿದೆ. ಕರೆಂಟು ಬಂದ ಮೇಲೆ ಪೂರ್ತಿ ಚಾರ್ಜು ಮಾಡಿ, ಒಂದು ರಾತ್ರಿ ಬಿಟ್ಟು ಅಳೆದರೆ ನಾಲ್ಕೂ ಸೇರಿ 49.9 ವೋಲ್ಟು. ಇರಬೇಕಾದದ್ದು 50. ಯಾರು ತಾನೆ ಸಂಶಯಪಟ್ಟಾರು? ಬಳಿಕ 24 ಸೆಲ್ಲುಗಳ ಮುಚ್ಚಳ ಬಿಚ್ಚಿ ಒಂದೊಂದರ ಗ್ರ್ಯಾವಿಟಿ ತೆಗೆದೆ. ಇಪ್ಪತ್ತಮೂರು ಸೆಲ್ಲುಗಳು 1235ರ ಸುತ್ತಮುತ್ತ ಇದ್ದವು. ಮೂರನೆಯ ಬ್ಯಾಟರಿಯ ಒಂದು ಸೆಲ್ಲು ಮಾತ್ರ 1130. ವೋಲ್ಟಿನಲ್ಲಿ ಈ ಕೊರತೆ ಕಾಣುವುದು ಒಂದು ವೋಲ್ಟಿನ ಹತ್ತನೆಯ ಒಂದು ಭಾಗದಷ್ಟು. ಐವತ್ತರ ಮೊತ್ತದಲ್ಲಿ ಅದು ಮರೆಯಾಗಿ ಹೋಗಿತ್ತು.

ಕೊನೆಗೆ ಹೂಡುವ ಪರೀಕ್ಷೆ. ನೂರು ವ್ಯಾಟಿನ ಆರು ತಂತಿ ಬಲ್ಬುಗಳನ್ನು ಒಂದು ಹಲಗೆಗೆ ಜೋಡಿಸಿಕೊಂಡು ಹೋಗಿದ್ದೆ. ಅವನ್ನು ಇನ್ವರ್ಟರಿಗೆ ಹಚ್ಚಿದರೆ ಬ್ಯಾಂಕಿನಿಂದ ಸುಮಾರು 15 ಆಂಪಿಯರ್ ಹೊರಡುತ್ತದೆ, ಅಂದರೆ 150ರ ಹತ್ತನೆಯ ಒಂದು ಪಾಲು. ಹೊಸ ಬ್ಯಾಟರಿ ಈ ಭಾರವನ್ನು ಹತ್ತು ತಾಸು ಹೊತ್ತು, ಆಮೇಲೆ 10.8 ವೋಲ್ಟಿಗೆ ಇಳಿಯಬೇಕು. ಅರ್ಧರ್ಧ ತಾಸಿಗೆ ಒಂದೊಂದರ ವೋಲ್ಟನ್ನೂ ಬೇರೆಬೇರೆಯಾಗಿ ಬರೆಯುತ್ತ ಕುಳಿತೆ. ಒಂದು ತಾಸು ಮುಗಿಯುವುದರೊಳಗೆ ಮೂರು ಬ್ಯಾಟರಿಗಳು 12ರ ಮೇಲೆಯೇ ನಿಂತಿದ್ದವು; ಮೂರನೆಯದು ಮಾತ್ರ 10ರ ಕೆಳಗೆ ಜಾರಿತ್ತು. ಅದರ ಬಡ ಸೆಲ್ಲು ಬರಿದಾಗಿ, ಉಳಿದವು ನೂಕುವ ಪ್ರವಾಹಕ್ಕೆ ಸಿಕ್ಕಿ, ತಿರುಗುಮುರುಗಾಗಿ ಎದುರಾಳಿಯಂತೆ ನಿಂತಿತ್ತು.

ನಮ್ಮ ರಾಯಚೂರು ಕೋಟೆಯ ಗೋಡೆಯಲ್ಲಿ ಕ್ರಿ.ಶ. 1294ರ ಶಾಸನವಿರುವ ಒಂದು ಭಾರಿ ಕಲ್ಲಿದೆ. ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ಪಶುಗಳ ಉದ್ದನೆಯ ಸಾಲು ಎಳೆದು ತರುತ್ತಿರುವ ಚಿತ್ರವನ್ನೂ ಅಲ್ಲಿ ಕೊರೆದಿದ್ದಾರೆ. ಆ ಸಾಲಿನಲ್ಲಿ ಒಂದು ಪಶು ಮುಗ್ಗರಿಸಿದರೆ ಹಿಂದಿನವಕ್ಕೂ ಮುಂದಿನವಕ್ಕೂ ಅದೇ ಭಾರವಾಗುತ್ತದೆ. ಸಾಲಾಗಿ ಜೋಡಿಸಿದ ಬ್ಯಾಟರಿಗಳ ಪಾಡೂ ಅದೇ. ಸಾಲಿನ ಬಲವೆಂದರೆ ಅದರ ಅತ್ಯಂತ ಬಡ ಸೆಲ್ಲಿನ ಬಲ.

ಆ ಸೆಲ್ಲಿಗೆ ಬೇರೆಯಾಗಿ ದೀರ್ಘ ಚಾರ್ಜು ಕೊಟ್ಟು ನೋಡಿದೆ; 1150ಕ್ಕೆ ಏರಿ ಅಲ್ಲೇ ನಿಂತಿತು. ಒಳಗೆ ಉದುರಿದ ಹಿಟ್ಟು ಪ್ಲೇಟುಗಳನ್ನು ಒಂದಕ್ಕೊಂದು ಮುಟ್ಟಿಸಿರಬೇಕು. ಕೆಟ್ಟದ್ದನ್ನು ತೆಗೆದು ಒಂದೇ ಒಂದು ಹೊಸದನ್ನು ಸೇರಿಸಿದರೆ ಸಾಲದೆ ಎಂದು ಕೇಳಿದರು. ಹಳೆಯ ಮೂರರ ನಡುವೆ ಹೊಸದೊಂದನ್ನು ಹೂಡಿದರೆ ಅವುಗಳ ಊಟ ಹೊಂದುವುದಿಲ್ಲ: ಹಳೆಯವು ಕೆಲವೊಮ್ಮೆ ಅತಿ ಉಂಡು ಕುದಿಯುತ್ತವೆ, ಹೊಸದು ಅರೆಹೊಟ್ಟೆಯಲ್ಲಿ ಉಳಿಯುತ್ತದೆ. ಕೊನೆಗೆ ಒಂದೇ ತಂಡದ ನಾಲ್ಕು ಹೊಸವನ್ನು ತರಿಸಲಾಯಿತು. ಹಳೆಯ ಮೂರು ಗಟ್ಟಿಯವು ಶಾಲೆಗೆ ಹೋದವು. ಅಲ್ಲಿ ಅವು ಒಂದೊಂದು ಕೋಣೆಯ ದೀಪಕ್ಕೆ ಒಂಟಿಯಾಗಿ ದುಡಿಯುತ್ತಿವೆ.

ದೇವದುರ್ಗದಲ್ಲಿ ನಂಬಬಾರದ್ದನ್ನು ನಂಬಿದೆ. ಅದಕ್ಕೆ ತಿರುವುಮುರುವಾದ ಸಂಗತಿಯೊಂದನ್ನು ಅದರ ಮುಂದಿನ ವರ್ಷ ಮಾನ್ವಿಯಲ್ಲಿ ಕಂಡೆ. ಅಲ್ಲಿ ಹಳ್ಳಿಯ ಹುಡುಗರು ಇದ್ದು ಓದುವ ಒಂದು ವಸತಿ ನಿಲಯ. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬಂದಿತ್ತು. ಕರೆಂಟು ಹೋದ ರಾತ್ರಿ ಎರಡು ತಾಸಿನಲ್ಲಿ ದೀಪಗಳು ಆರುತ್ತಿದ್ದವು. ನಾಲ್ಕೂ ಬ್ಯಾಟರಿ ಸತ್ತವೆಂದು ತೀರ್ಮಾನವಾಗಿ, ಗುಜರಿಯವನು ತಕ್ಕಡಿ ಹಿಡಿದು ಅಂಗಳಕ್ಕೆ ಬಂದಿದ್ದ. "ಯಪ್ಪಾ, ಮೂರು ದಿನ ತಡಿ" ಎಂದು ಅವನನ್ನು ಕಳಿಸಿ ಹೈಡ್ರೋಮೀಟರು ತೆಗೆದೆ. ಎಲ್ಲ ಸೆಲ್ಲುಗಳೂ 1160, 1165. ಯಾವುದೂ ಹೆಚ್ಚು ಕಡಿಮೆಯಿಲ್ಲ. ಒಂದು ಸೆಲ್ಲು ಬಿದ್ದಿದ್ದರೆ ಅದು ರೋಗ. ಎಲ್ಲವೂ ಸಮನಾಗಿ ಬಿದ್ದಿದ್ದರೆ ಅದು ಹಸಿವು. ಚಾರ್ಜರನ್ನು ನೋಡಿದರೆ, ಅದನ್ನು ಹಚ್ಚಿದವರು 13.8 ವೋಲ್ಟಿಗೇ ಕೈಬಿಡುವಂತೆ ಹೊಂದಿಸಿಟ್ಟಿದ್ದರು. ಅದು ತುಂಬಿದ ಬ್ಯಾಟರಿಯನ್ನು ತುಂಬಿದಂತೆ ಕಾಯುವ ಮಟ್ಟವೇ ಹೊರತು ದಿನವೂ ಖಾಲಿಯಾಗುವುದನ್ನು ತುಂಬುವ ಮಟ್ಟವಲ್ಲ.

ಚಾರ್ಜು ಮಾಡುವುದು ಹತ್ತಿಯ ಅಂಡಿಗೆ ತುಂಬಿದಂತೆ. ಮೊದಲು ತೆಕ್ಕೆತೆಕ್ಕೆಯಾಗಿ ಹಾಕಬಹುದು. ಮುಕ್ಕಾಲು ತುಂಬಿದ ಮೇಲೆ ತುಳಿತುಳಿದು ಇಷ್ಟಿಷ್ಟೇ ಸೇರಿಸಬೇಕು. ಬ್ಯಾಟರಿಗೂ ಮೊದಲ ಹಂತದಲ್ಲಿ ಸಾಮರ್ಥ್ಯದ ಹತ್ತನೆಯ ಒಂದು ಪಾಲಿನಷ್ಟು ಪ್ರವಾಹ ಕೊಡಬಹುದು. ವೋಲ್ಟು 14.4ಕ್ಕೆ ಮುಟ್ಟಿದ ಮೇಲೆ ಅದನ್ನು ಅಲ್ಲೇ ಹಿಡಿದಿಡಬೇಕು. ಪ್ರವಾಹ ತಾನಾಗಿ ಇಳಿಯುತ್ತ ಹೋಗುತ್ತದೆ. ಕೊನೆಯ ಕಾಲು ಭಾಗಕ್ಕೆ ಹಿಡಿಯುವ ಸಮಯ ಮೊದಲಿನ ಅರ್ಧಕ್ಕೆ ಹಿಡಿದಷ್ಟೇ ಇರಬಹುದು. ಸೌರ ಫಲಕದ ತೊಂದರೆ ಇರುವುದೇ ಇಲ್ಲಿ: ಈ ನಿಧಾನದ ಹಂತ ಮುಗಿಯುವುದರೊಳಗೆ ಸೂರ್ಯ ಇಳಿದಿರುತ್ತಾನೆ. ದಿನದಿನವೂ ಉಳಿಯುವ ಆ ಸಣ್ಣ ಸಾಲ ಪ್ಲೇಟಿನ ಮೇಲೆ ಸೀಸದ ಸಲ್ಫೇಟಿನ ಗಟ್ಟಿ ಹರಳಾಗಿ ಕೂಡುತ್ತದೆ. ಎಳೆಯ ಹರಳನ್ನು ಕರಗಿಸಬಹುದು, ಬಲಿತದ್ದನ್ನು ಆಗದು.

ಮಾನ್ವಿಯಲ್ಲಿ ಹರಳು ಇನ್ನೂ ಎಳೆಯದಾಗಿತ್ತು. ಏಳೆಂಟು ಆಂಪಿಯರಿನ ಸಣ್ಣ ಪ್ರವಾಹವನ್ನು ಮೂರು ದಿನ ಬಿಟ್ಟುಬಿಟ್ಟು ಹರಿಸಿ, ಕಡೆಗೆ ಬ್ಯಾಟರಿಗೆ 15 ವೋಲ್ಟಿನವರೆಗೂ ಏರಗೊಟ್ಟೆ. ತಾಸಿಗೊಮ್ಮೆ ಗ್ರ್ಯಾವಿಟಿ ನೋಡುತ್ತ, ಮೂರು ಸಾರಿ ಒಂದೇ ಅಂಕಿ ಬಂದಾಗ ನಿಲ್ಲಿಸಿದೆ. ಸೆಕೆಯ ಲೆಕ್ಕ ಸೇರಿಸಿ 1234. ಆಮೇಲೆ ಬಲ್ಬಿನ ಹಲಗೆಗೆ ಹೂಡಿದರೆ ಎಂಟೂವರೆ ತಾಸು ಎಳೆದವು. ಹುಟ್ಟುಬಲದ ನೂರರಲ್ಲಿ ಎಂಬತ್ತು ಪಾಲು ಉಳಿದಿರುವ ತನಕ ಬ್ಯಾಟರಿಯನ್ನು ನಂಬಬಹುದೆಂಬುದು ಈ ವಿದ್ಯೆಯ ಕಟ್ಟಳೆ. ಇವು ಅದನ್ನು ದಾಟಿದ್ದವು. ಚಾರ್ಜರಿನ ಹೊಂದಾಣಿಕೆ ತಿದ್ದಿ ಬಂದೆ. ಆ ವರ್ಷದ ಹುಡುಗರು ಅದೇ ಬೆಳಕಿನಲ್ಲಿ ಓದಿದರು.

ಇದನ್ನು ಕೇಳಿ ತಾವು ಕೂಡಲೇ ಚಾರ್ಜರು ತಿರುವಲು ಹೊರಡಬಾರದು. ನಾನು ಹೇಳಿದ ಅಂಕಿಗಳು ನೀರು ಹಾಕುವ ಬ್ಯಾಟರಿಗೆ. ಮುಚ್ಚಿ ಬೆಸೆದ ಬ್ಯಾಟರಿಗೆ 15 ವೋಲ್ಟು ವಿಷ. ಅದರ ಆಮ್ಲವನ್ನು ತೆಗೆದು ನೋಡುವಂತೆಯೂ ಇಲ್ಲ; ವಿಶ್ರಾಂತ ವೋಲ್ಟು ಮತ್ತು ಹೂಡುವ ಪರೀಕ್ಷೆಗಳೇ ಗತಿ. ಬಿಸಿಲು ಹೆಚ್ಚಿದಷ್ಟೂ ಚಾರ್ಜಿನ ವೋಲ್ಟನ್ನು ತಗ್ಗಿಸಬೇಕು. 40 ಡಿಗ್ರಿಯಲ್ಲಿ ಒಂದು ಬ್ಯಾಟರಿಗೆ ಮೂರನೆಯ ಒಂದು ವೋಲ್ಟಿನಷ್ಟು. ಉಷ್ಣತೆ ಹತ್ತು ಡಿಗ್ರಿ ಏರಿದರೆ ಬ್ಯಾಟರಿಯ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆಂದು ಅನುಭವಿಗಳ ಎಣಿಕೆ. ಆದಕಾರಣ ತಗಡಿನ ಮಾಡಿನ ಕೆಳಗೆ ಇಡಬೇಡಿ. ಕೊಳವೆ ಬಾವಿಯ ನೀರನ್ನು ಹಾಕಬೇಡಿ. ನಮ್ಮ ಗಡಸು ನೀರಿನ ಲವಣಗಳು ಪ್ಲೇಟಿಗೆ ಶತ್ರು. ಬಟ್ಟಿ ಇಳಿಸಿದ ನೀರನ್ನು, ಪ್ಲೇಟು ಬರಿದಾಗಿ ಕಾಣದಿದ್ದರೆ, ಚಾರ್ಜು ಮುಗಿದ ಮೇಲೆ ಹಾಕಿ. ಆಮ್ಲ ಸಿಡಿದರೆ ಧಾರಾಳವಾಗಿ ನೀರಿನಿಂದ ತೊಳೆಯಿರಿ. ಚಾರ್ಜಿನ ಕೊನೆಯಲ್ಲಿ ಹೊಮ್ಮುವ ಗುಳ್ಳೆಗಳಲ್ಲಿ ಜಲಜನಕವಿದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕರಷ್ಟಾದರೆ ಒಂದು ಕಿಡಿ ಸಾಕು ಸಿಡಿಯಲು. ಆಯುಧ ಪೂಜೆಯ ದಿನ ಬ್ಯಾಟರಿಗೆ ಕುಂಕುಮ ಹಚ್ಚಿ, ಅಡ್ಡಿಯಿಲ್ಲ. ಊದಿನಕಡ್ಡಿಯನ್ನು ಮಾತ್ರ ಬಾಗಿಲಾಚೆಗೆ ಹಚ್ಚಿರಿ.

ನಿಜವಾಗಿಯೂ ಮುಗಿದುಹೋದ ಬ್ಯಾಟರಿಯನ್ನು ಊರೊಳಗೆ ಒಡೆದು ಸೀಸ ಕಾಯಿಸುವವರ ಕೈಗೆ ಕೊಡಬೇಡಿ. ಆ ಹೊಗೆ, ಆ ಧೂಳು ಮಕ್ಕಳ ಬುದ್ಧಿಯನ್ನೇ ಕುಂಠಿಸುತ್ತದೆ. ಹಳೆಯ ಬ್ಯಾಟರಿಯನ್ನು ಮರಳಿ ಪಡೆದು ಕ್ರಮವಾಗಿ ಕರಗಿಸುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಹೊಸದು ಕೊಳ್ಳುವ ಅಂಗಡಿಗೇ ಹಳೆಯದನ್ನು ಒಪ್ಪಿಸಿರಿ.

ಲಿಥಿಯಂ ಬ್ಯಾಟರಿಗಳು ಬಂದಿವೆ. ಅವು ತಮ್ಮ ಕಾವಲನ್ನು ತಾವೇ ಒಳಗಿಟ್ಟುಕೊಂಡು ಬರುತ್ತವೆ. ಇರಲಿ. ಆದರೆ ಇಂದಿಗೂ ಎಷ್ಟೋ ಮನೆಗಳಲ್ಲಿ, ಎಷ್ಟೋ ಹೆರಿಗೆಯ ಕೋಣೆಗಳಲ್ಲಿ ರಾತ್ರಿಯನ್ನು ಕಾಯುತ್ತಿರುವುದು ಸೀಸವೇ. ಅದರ ಮುಖ ನೋಡಿ ಬಲ ಹೇಳಬೇಡಿ. ಆರು ತಿಂಗಳಿಗೊಮ್ಮೆ, ಕರೆಂಟು ಇರುವ ದಿನ ನೋಡಿ, ಹೂಡಿ ಪರೀಕ್ಷಿಸಿರಿ. ಮುಗಿದೊಡನೆ ಹೊಟ್ಟೆ ತುಂಬ ಉಣಿಸಿರಿ.

ದೇವದುರ್ಗದ ಆ ಕೇಂದ್ರದಲ್ಲಿ ಈಗ ಒಂದು ಖಾತೆಯಿದೆ. ನರ್ಸಮ್ಮನೇ ತಿಂಗಳಿಗೊಮ್ಮೆ 24 ಸೆಲ್ಲುಗಳ ಗ್ರ್ಯಾವಿಟಿ ತೆಗೆದು ಬರೆಯುತ್ತಾರೆ. ಕಳೆದ ಸಾರಿ ಹೋದಾಗ ನಾನು ಹೈಡ್ರೋಮೀಟರಿಗೆ ಕೈ ಹಾಕುವ ಮೊದಲೇ ಆಕೆ ಪುಟ ತಿರುವಿ, "ಹದಿನೇಳನೇದು ಐದು ಅಂಕಿ ಕಡಿಮಿ ಬರಲಿಕ್ಕತ್ತದ ಕಾಕಾ, ಎರಡು ತಿಂಗಳಾತು. ನೋಡ್ರಿ" ಎಂದರು. ನೋಡಿದೆ. ಹೌದು, ಐದೇ ಅಂಕಿ. ಆ ಪುಟದ ಕೆಳಗೆ ಸಹಿ ಹಾಕುವಾಗ ನನಗೆ ಉಸ್ತಾದರ ಕೆಂಪು ರಟ್ಟಿನ ಖಾತೆ ನೆನಪಾಯಿತು.